ಇಬ್ಬರ ಪತ್ರ, ನಡುವೆ ಇನ್ನೊಬ್ಬರ ಕೈ

1796ರ ಡಿಸೆಂಬರ್ 28ರಂದು ಥಾಮಸ್ ಜೆಫರ್ಸನ್ ತಮ್ಮ ಹಳೆಯ ಗೆಳೆಯ ಜಾನ್ ಆಡಮ್ಸ್‌ಗೆ ಒಂದು ಪತ್ರ ಬರೆದರು. ಅದು ಆಡಮ್ಸ್ ಕೈ ಸೇರಲೇ ಇಲ್ಲ. ದಾರಿಯಲ್ಲಿ ಕಳೆದುಹೋಗಿದ್ದಲ್ಲ, ಅಂಚೆಯವರ ತಪ್ಪೂ ಅಲ್ಲ. ನಡುವೆ ಇದ್ದವರೊಬ್ಬರು ಓದಿ, ಯೋಚನೆ ಮಾಡಿ, ತಮ್ಮ ಹತ್ತಿರವೇ ಇಟ್ಟುಕೊಂಡರು.

ಇಬ್ಬರೂ ಅಮೆರಿಕದ ಸ್ವಾತಂತ್ರ್ಯಕ್ಕೆ ದುಡಿದವರು, ಆಮೇಲೆ ಒಬ್ಬರಾದ ಮೇಲೊಬ್ಬರು ಅದರ ಅಧ್ಯಕ್ಷರಾದವರು. ನಾನು ಇವರ ಪತ್ರಗಳನ್ನು ಓದೋಕೆ ಶುರು ಮಾಡಿ ಎರಡು ವರ್ಷ ಆಯಿತು. ಅಮೆರಿಕ ಸರ್ಕಾರದ ದಾಖಲೆ ಇಲಾಖೆಯವರು 'ಫೌಂಡರ್ಸ್ ಆನ್‌ಲೈನ್' ಅನ್ನೋ ಜಾಲತಾಣದಲ್ಲಿ ಇವನ್ನು ಪುಕ್ಕಟೆಯಾಗಿ ಓದೋಕೆ ಇಟ್ಟಿದ್ದಾರೆ. ರಾತ್ರಿ ಊಟ ಆದಮೇಲೆ ದಿನಕ್ಕೆ ಒಂದೋ ಎರಡೋ ಓದುತ್ತೇನೆ. ಮೊದಮೊದಲು ಇಬ್ಬರು ದೊಡ್ಡ ಮನುಷ್ಯರ ಮಾತುಕತೆ ಅಂತಲೇ ಓದಿದೆ. ಆಮೇಲೆ ಕಣ್ಣು ಬೇರೆ ಕಡೆ ಹೋಯಿತು. ಇವರ ಸ್ನೇಹ ಕೆಟ್ಟಾಗಲೂ, ಕೂಡಿದಾಗಲೂ ನಡುವೆ ಮೂರನೆಯವರ ಕೈ ಇದ್ದೇ ಇರುತ್ತದೆ. ಒಬ್ಬರು ಪತ್ರ ತಡೆದರು. ಒಬ್ಬರು ಬರೆಯಿಸಿದರು. ಕೇಳದೆ ಅಚ್ಚು ಹಾಕಿಸಿದವರೂ ಇದ್ದಾರೆ. ಈ ಕೈಗಳ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು.

ಮೊದಲು ಸ್ನೇಹದ ವಿಷಯ. ಆಡಮ್ಸ್ ಮ್ಯಾಸಚೂಸೆಟ್ಸ್‌ನವರು, ವಕೀಲರು, ಮಾತು ಜಾಸ್ತಿ, ಕೋಪವೂ ಬೇಗ. ಜೆಫರ್ಸನ್ ವರ್ಜೀನಿಯಾದ ದೊಡ್ಡ ಜಮೀನ್ದಾರರು, ಏಳೆಂಟು ವರ್ಷ ಚಿಕ್ಕವರು, ಸಭೆಯಲ್ಲಿ ಬಾಯಿಯೇ ಬಿಡದವರು. 1775ರಲ್ಲಿ ಫಿಲಡೆಲ್ಫಿಯಾದಲ್ಲಿ ಭೇಟಿಯಾದರು. ಮರುವರ್ಷ ಸ್ವಾತಂತ್ರ್ಯ ಘೋಷಣೆ ಬರೆಯೋಕೆ ಐದು ಜನರ ಸಮಿತಿ ಆದಾಗ ಇಬ್ಬರೂ ಅದರಲ್ಲಿದ್ದರು. ಬರೆದವರು ಜೆಫರ್ಸನ್, ಸಭೆಯಲ್ಲಿ ಅದರ ಪರ ನಿಂತು ವಾದಿಸಿದವರು ಆಡಮ್ಸ್. ಆಮೇಲೆ ಯುರೋಪಿನಲ್ಲಿ ಒಬ್ಬರು ಲಂಡನ್‌ನಲ್ಲಿ, ಒಬ್ಬರು ಪ್ಯಾರಿಸ್‌ನಲ್ಲಿ ಹೊಸ ದೇಶದ ರಾಯಭಾರಿಗಳು. 1786ರ ವಸಂತದಲ್ಲಿ ಇಬ್ಬರೂ ಒಟ್ಟಿಗೆ ಇಂಗ್ಲೆಂಡಿನ ತೋಟಗಳನ್ನು ನೋಡುತ್ತಾ ಸುತ್ತಾಡಿದರು.

1787ರ ಬೇಸಿಗೆಯ ಒಂದು ಘಟನೆ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಹೆಂಡತಿಯನ್ನು ಕಳೆದುಕೊಂಡಿದ್ದ ಜೆಫರ್ಸನ್ ತಮ್ಮ ಎಂಟು ವರ್ಷದ ಮಗಳು ಪಾಲಿಯನ್ನು ಹಡಗಿನಲ್ಲಿ ಕರೆಸಿಕೊಂಡರು. ಅವಳು ಮೊದಲು ಇಳಿದದ್ದು ಲಂಡನ್‌ನಲ್ಲಿ, ಆಡಮ್ಸ್ ಮನೆಗೆ. ಆಡಮ್ಸ್ ಹೆಂಡತಿ ಅಬಿಗೇಲ್ ಅವಳಿಗೆ ಅಪ್ಪನ ಚಿತ್ರ ತೋರಿಸಿದರೆ ಮಗುವಿಗೆ ಗುರುತೇ ಸಿಗಲಿಲ್ಲ. ಪಾಲಿ ಅಬಿಗೇಲ್‌ಗೆ ಎಷ್ಟು ಅಂಟಿಕೊಂಡಳು ಅಂದರೆ ಹೊರಡುವ ದಿನ ಅವರ ಕುತ್ತಿಗೆ ತಬ್ಬಿಕೊಂಡು ಅತ್ತಳು. ಅವಳನ್ನು ಕರೆದೊಯ್ಯೋಕೆ ಅಪ್ಪ ತಾವೇ ಬರಲಿಲ್ಲ, ಆಳನ್ನು ಕಳಿಸಿದ್ದರು. ಪಾಲಿಯ ಜೊತೆಗೆ ಬಂದಿದ್ದ ಹದಿನಾಲ್ಕು ವರ್ಷದ ಹುಡುಗಿಯ ಹೆಸರು ಸ್ಯಾಲಿ ಹೆಮಿಂಗ್ಸ್. ಅವಳು ಜೆಫರ್ಸನ್ ಮನೆಯ ಗುಲಾಮಳು. 'ಜೊತೆಗೆ ಬಂದವಳೂ ಇನ್ನೂ ಮಗುವೇ' ಅಂತ ಅಬಿಗೇಲ್ ಬರೆದಿದ್ದಾರೆ.

ಸ್ನೇಹಕ್ಕೆ ಮೊದಲ ಪೆಟ್ಟು ಬಿದ್ದದ್ದು 1791ರಲ್ಲಿ, ಒಂದು ಚೀಟಿಯಿಂದ. ಥಾಮಸ್ ಪೇನ್ ಬರೆದ ಹೊಸ ಪುಸ್ತಕವೊಂದು ಜೆಫರ್ಸನ್ ಕೈಗೆ ಬಂದಿತ್ತು. ಓದಿದ ಮೇಲೆ ಮುದ್ರಣಕ್ಕೆ ಕಳಿಸಬೇಕಿತ್ತು. ಸುಮ್ನೆ ಕಳಿಸೋದು ಚೆನ್ನಾಗಿರಲ್ಲ ಅಂತ ಎರಡು ಸಾಲು ಗೀಚಿ ಜೊತೆಗಿಟ್ಟರು. ನಮ್ಮಲ್ಲಿ ಹುಟ್ಟಿಕೊಂಡಿರುವ ರಾಜಕೀಯದ ತಪ್ಪು ನಂಬಿಕೆಗಳಿಗೆ ಕೊನೆಗೂ ಯಾರೋ ಬಹಿರಂಗವಾಗಿ ಉತ್ತರ ಕೊಡುತ್ತಿದ್ದಾರೆ, ಸಂತೋಷ ಅಂತ. ಮುದ್ರಕರು ಆ ಚೀಟಿಯನ್ನೇ ಪುಸ್ತಕದ ಮುನ್ನುಡಿ ಮಾಡಿಬಿಟ್ಟರು. ಯಾರ ಬಗ್ಗೆ ಅಂತ ಊರಿಗೆಲ್ಲ ಗೊತ್ತಾಯಿತು. ಆಗ ಉಪಾಧ್ಯಕ್ಷರಾಗಿದ್ದ ಆಡಮ್ಸ್ ಬಗ್ಗೆಯೇ. ಜೆಫರ್ಸನ್ ಜುಲೈ 17ರಂದು ಆಡಮ್ಸ್‌ಗೆ ಬರೆದು, ಅದನ್ನು ಅಚ್ಚಿನಲ್ಲಿ ನೋಡಿ ಸಿಡಿಲು ಬಡಿದ ಹಾಗಾಯಿತು ಅಂದರು. ಈ ಹದಿನೈದು ವರ್ಷದ ಸ್ನೇಹ ನನ್ನ ಮನಸ್ಸಿಗೆ ಈಗಲೂ ಬಹಳ ಹತ್ತಿರ ಅಂತ ಆಡಮ್ಸ್ ಉತ್ತರಿಸಿದರು. ಆದರೂ ಬಿರುಕು ಬಿಟ್ಟಾಗಿತ್ತು.

ಈಗ ಆ ತಲುಪದ ಪತ್ರಕ್ಕೆ ಬರುತ್ತೇನೆ.

1796ರ ಚುನಾವಣೆಯಲ್ಲಿ ಇಬ್ಬರೂ ಎದುರಾಳಿಗಳು. ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳ ಮತದಲ್ಲಿ ಆಡಮ್ಸ್‌ಗೆ 71, ಜೆಫರ್ಸನ್‌ಗೆ 68. ಆಗಿನ ನಿಯಮದಂತೆ ಎರಡನೆಯವರು ಉಪಾಧ್ಯಕ್ಷರು. ಫಲಿತಾಂಶ ಪೂರ್ತಿ ಹೊರಬರುವ ಮೊದಲೇ ಜೆಫರ್ಸನ್ ತಮ್ಮ ಮಾಂಟಿಸೆಲೊ ಮನೆಯಲ್ಲಿ ಕೂತು ಈ ಪತ್ರ ಬರೆದರು. ನೀವು ಗೆಲ್ಲುತ್ತೀರಿ ಅನ್ನೋದರಲ್ಲಿ ನನಗೆ ಅನುಮಾನವೇ ಇರಲಿಲ್ಲ ಅಂದರು. ಬಿರುಗಾಳಿಯಲ್ಲಿ ಹಡಗು ನಡೆಸುವ ಖುಷಿಯನ್ನು ಬೇರೆಯವರಿಗೆ ಬಿಡುತ್ತೇನೆ, ನನಗೆ ಕೆಳಗಿನ ಬೆಚ್ಚಗಿನ ಹಾಸಿಗೆ, ಒಳ್ಳೆ ನಿದ್ದೆ, ಅಕ್ಕಪಕ್ಕದ ರೈತರ ಸಂಗ ಸಾಕು ಅಂದರು. ಇದನ್ನು ನೇರವಾಗಿ ಕಳಿಸಲಿಲ್ಲ. ಫಿಲಡೆಲ್ಫಿಯಾದಲ್ಲಿದ್ದ ತಮ್ಮ ಪಕ್ಷದ ಗೆಳೆಯ ಜೇಮ್ಸ್ ಮ್ಯಾಡಿಸನ್‌ಗೆ ಅಂಟಿಸದೆ ಕಳಿಸಿ, ಓದಿ ನೋಡು, ಸರಿ ಅನಿಸಿದರೆ ಕೊಡು ಅಂದರು.

ಮ್ಯಾಡಿಸನ್‌ಗೆ ಸರಿ ಅನಿಸಲಿಲ್ಲ. 1797ರ ಜನವರಿ 15ರಂದು ಒಂದೊಂದಾಗಿ ಕಾರಣ ಬರೆದು ಕಳಿಸಿದರು. ನಿಮ್ಮ ಒಳ್ಳೆ ಮನಸ್ಸು ಅವರಿಗೆ ಈಗಾಗಲೇ ಗೊತ್ತು. ಅವರದ್ದು ಸೂಕ್ಷ್ಮ ಸ್ವಭಾವ, ಬರೆದದ್ದನ್ನು ಹೇಗೆ ತಗೋತಾರೋ. ಇವಕ್ಕಿಂತ ತೂಕದ ಕಾರಣ ಕೊನೆಗೆ ಬರುತ್ತದೆ. ನಾಳೆ ಅವರ ಆಡಳಿತವನ್ನು ನಾವು ವಿರೋಧಿಸಬೇಕಾಗಿ ಬರಬಹುದು. ಆಗ ನೀವು ಅವರನ್ನು ಇಷ್ಟು ಹೊಗಳಿ, ನಂಬಿ ಬರೆದದ್ದು ಅವರ ಕೈಯಲ್ಲಿ ಇದ್ದರೆ ನಮಗೇ ತೊಂದರೆ.

ಇದನ್ನು ಓದಿದ ರಾತ್ರಿ ನನಗೆ ಅಮ್ಮನ ನೆನಪು ಬಂತು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಪ್ಪನಿಗೂ ದೊಡ್ಡಪ್ಪನಿಗೂ ಜಮೀನಿನ ಕೇಸು ನಡೀತಿತ್ತು. ಒಂದು ದೀಪಾವಳಿಗೆ ಅಪ್ಪ ಒಂದು ಇನ್‌ಲ್ಯಾಂಡ್ ಲೆಟರ್ ಬರೆದು, ಡಬ್ಬಕ್ಕೆ ಹಾಕಿ ಬಾ ಅಂತ ನನ್ನ ಕೈಗೆ ಕೊಟ್ಟರು. ಅಮ್ಮ ಬಾಗಿಲಲ್ಲೇ ನನ್ನನ್ನು ನಿಲ್ಲಿಸಿದರು. 'ತಪ್ಪಾಯ್ತು ಅಂತ ಬರ್ದಿದಾರೆ. ನಾಳೆ ಇದನ್ನ ಲಾಯರ್ ಕೈಗೆ ಕೊಟ್ರೆ?' ಪತ್ರ ಅಡುಗೆಮನೆಯ ಸಾಸಿವೆ ಡಬ್ಬದ ಹಿಂದೆ ಹೋಯಿತು. ಸಂಜೆ ಅಮ್ಮ ಅಪ್ಪನಿಗೆ ಹೇಳಿಯೂ ಹೇಳಿದರು. ಅಪ್ಪ ಸ್ವಲ್ಪ ಹೊತ್ತು ಸುಮ್ನಿದ್ದು, 'ಸರಿ ಬಿಡು' ಅಂದರು. ಜೆಫರ್ಸನ್ ಕೂಡ ಮ್ಯಾಡಿಸನ್‌ಗೆ ಥ್ಯಾಂಕ್ಸ್ ಹೇಳಿಯೇ ಬರೆದರು. ಅಮ್ಮ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮ್ಯಾಡಿಸನ್ ಹೇಳಿದ್ದೂ ರಾಜಕೀಯದ ಲೆಕ್ಕದಲ್ಲಿ ಸರಿಯೇ. ಆದರೂ ಆ ಪತ್ರ ತಲುಪಬೇಕಿತ್ತು ಅಂತಲೇ ನನ್ನ ಮನಸ್ಸು ಹೇಳುತ್ತದೆ. ಆಡಮ್ಸ್‌ಗೆ ಆ ವರ್ಷ ಅಧ್ಯಕ್ಷ ಪದವಿಗಿಂತ ಹೆಚ್ಚಾಗಿ ಬೇಕಾಗಿದ್ದದ್ದು ಆ ಹಾಳೆಯಲ್ಲಿತ್ತು.

ಮುಂದಿನ ನಾಲ್ಕು ವರ್ಷ ಓದೋಕೆ ಕಷ್ಟ. ಸರ್ಕಾರವನ್ನು ಬೈದು ಬರೆದವರನ್ನು ಜೈಲಿಗೆ ಹಾಕುವ ಕಾನೂನಿಗೆ 1798ರಲ್ಲಿ ಆಡಮ್ಸ್ ಸಹಿ ಹಾಕಿದರು. ಕ್ಯಾಲೆಂಡರ್ ಅನ್ನೋ ಪತ್ರಕರ್ತ ಆಡಮ್ಸ್ ಮೇಲೆ ಕೊಳಕು ಎರಚಿದ, ಅವನಿಗೆ ಜೆಫರ್ಸನ್ ಗುಟ್ಟಾಗಿ ದುಡ್ಡು ಕೊಟ್ಟಿದ್ದರು. 1800ರ ಚುನಾವಣೆಯಲ್ಲಿ ಆಡಮ್ಸ್ ಸೋತರು. 1801ರ ಮಾರ್ಚ್ 4ರಂದು ಜೆಫರ್ಸನ್ ಪ್ರಮಾಣವಚನ ಸ್ವೀಕರಿಸಬೇಕಿತ್ತು. ಆಡಮ್ಸ್ ಅದಕ್ಕೆ ನಿಲ್ಲಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೇ ಗಾಡಿ ಹತ್ತಿ ಊರಿಗೆ ಹೊರಟುಬಿಟ್ಟರು. ಆಮೇಲೆ ಹತ್ತು ವರ್ಷಕ್ಕೂ ಮೇಲೆ ಇಬ್ಬರ ನಡುವೆ ಮಾತಿಲ್ಲ.

ಆ ಮೌನವನ್ನು ಮೊದಲು ಮುರಿದವರು ಅಬಿಗೇಲ್. 1804ರ ಏಪ್ರಿಲ್‌ನಲ್ಲಿ ಪಾಲಿ ತೀರಿಕೊಂಡಳು. ಅವಳಿಗೆ 25 ವರ್ಷ. ಸುದ್ದಿ ಓದಿದ ಅಬಿಗೇಲ್ ಗಂಡನಿಗೆ ಹೇಳದೆ ಮೇ 20ರಂದು ಜೆಫರ್ಸನ್‌ಗೆ ಬರೆದರು. ಆ ಮಗು ನನ್ನ ಎದೆಯನ್ನು ಕಣ್ಣೀರಿನಿಂದ ನೆನೆಸಿ, 'ಈಗ ತಾನೇ ನಿಮ್ಮನ್ನು ಪ್ರೀತಿಸೋದು ಕಲಿತೆ, ಯಾಕೆ ನನ್ನನ್ನು ಕರೆದೊಯ್ಯುತ್ತಾರೆ' ಅಂದಿದ್ದಳು ಅಂತ ಹದಿನೇಳು ವರ್ಷದ ಹಿಂದಿನದನ್ನು ನೆನೆಸಿಕೊಂಡರು. ಕೊನೆಯಲ್ಲಿ, ಒಂದು ಕಾಲದಲ್ಲಿ ನಿಮ್ಮ ಗೆಳತಿ ಅಂತ ಸಹಿ ಹಾಕೋಕೆ ಸಂತೋಷಪಡುತ್ತಿದ್ದವಳು ಅಂತ ಸಹಿ ಹಾಕಿದರು. ಜೆಫರ್ಸನ್ ಅಷ್ಟಕ್ಕೆ ಉತ್ತರಿಸಿದ್ದರೆ ಸಾಕಿತ್ತು. ಆದರೆ ಅಧಿಕಾರದ ಕೊನೆಗಳಿಗೆಯಲ್ಲಿ ನಿಮ್ಮ ಯಜಮಾನರು ಮಾಡಿದ ನೇಮಕಗಳು ನನಗೆ ನೋವು ಕೊಟ್ಟವು ಅಂತಲೂ ಸೇರಿಸಿದರು. ಅಬಿಗೇಲ್ ಬಿಡುವವರಲ್ಲ. ಕ್ಯಾಲೆಂಡರ್ ಆ ಹೊತ್ತಿಗೆ ಜೆಫರ್ಸನ್ ವಿರುದ್ಧವೇ ತಿರುಗಿದ್ದ. ನೀವು ಬೆಚ್ಚಗಿಟ್ಟು ಸಾಕಿದ ಹಾವು ಸಾಕಿದ ಕೈಯನ್ನೇ ಕಚ್ಚಿತು ಅಂದರು. ಹಾವಿಗೆ ಹಾಲೆರೆಯೋದು ಅಂತ ನಾವೂ ಹೇಳುತ್ತೇವಲ್ಲ! ಅಕ್ಟೋಬರ್ ಹೊತ್ತಿಗೆ ಪತ್ರ ನಿಂತವು. ನವೆಂಬರ್‌ನಲ್ಲಿ ಅಬಿಗೇಲ್ ಅವನ್ನೆಲ್ಲ ಗಂಡನ ಮುಂದೆ ಇಟ್ಟರು. ಆಡಮ್ಸ್ ಓದಿ, ಕೊನೆಯ ಪತ್ರದ ನಕಲಿನ ಕೆಳಗೆ ಬರೆದಿಟ್ಟರು. ಇದು ಶುರುವಾದದ್ದೂ ನಡೆದದ್ದೂ ನನಗೆ ಗೊತ್ತಿಲ್ಲದೆ, ಈ ಹೊತ್ತಿನಲ್ಲಿ ಈ ಜಾಗದಲ್ಲಿ ನಾನು ಏನೂ ಹೇಳುವುದಿಲ್ಲ ಅಂತ. ಅಷ್ಟು ಮಾತಿನ ಮನುಷ್ಯ ಹಾಗೆ ಬರೆದದ್ದು ನೋಡಿ ನನಗೆ ಮುಂದಿನ ಪತ್ರ ತೆರೆಯೋಕೆ ಆಗಲಿಲ್ಲ.

ಕೂಡಿಸಿದ ಕೈ ಬೆಂಜಮಿನ್ ರಶ್ ಅವರದ್ದು. ಫಿಲಡೆಲ್ಫಿಯಾದ ವೈದ್ಯರು, ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರು, ಇಬ್ಬರಿಗೂ ಬೇಕಾದವರು. 1809ರ ಅಕ್ಟೋಬರ್ 17ರಂದು ಆಡಮ್ಸ್‌ಗೆ ಒಂದು ಕನಸು ಬರೆದು ಕಳಿಸಿದರು. ಕನಸಿನಲ್ಲಿ ಅವರ ಮಗನ ಕೈಯಲ್ಲಿ ಮುಂದಿನ ಕಾಲದ ಇತಿಹಾಸ ಪುಸ್ತಕ ಇತ್ತಂತೆ. ಆಡಮ್ಸ್ ಜೆಫರ್ಸನ್‌ಗೆ ಒಂದು ಸಣ್ಣ ಪತ್ರ ಬರೆದರು, ಸ್ನೇಹ ಮತ್ತೆ ಕೂಡಿತು, ಕೊನೆಗೆ ಇಬ್ಬರೂ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಮಣ್ಣಾದರು ಅಂತ ಅದರಲ್ಲಿ ಇತ್ತಂತೆ. ಇದು ಕಟ್ಟಿದ ಕನಸೋ ಕಂಡ ಕನಸೋ, ನನಗೆ ಅದು ಮುಖ್ಯ ಅನಿಸಿಲ್ಲ. ಇಬ್ಬರೂ ತೀರಿಕೊಂಡದ್ದು 1826ರ ಜುಲೈ 4ರಂದು, ಸ್ವಾತಂತ್ರ್ಯ ಘೋಷಣೆಯ ಐವತ್ತನೇ ವರ್ಷದ ದಿನ. ಜೆಫರ್ಸನ್ ಮಧ್ಯಾಹ್ನ, ಆಡಮ್ಸ್ ಸಂಜೆ.

ಕನಸಾದ ಮೇಲೂ ಎರಡು ವರ್ಷ ಹಿಡಿಯಿತು. 1811ರಲ್ಲಿ ಜೆಫರ್ಸನ್ ನೆರೆಯ ಇಬ್ಬರು ಅಣ್ಣತಮ್ಮಂದಿರು ಆಡಮ್ಸ್ ಮನೆಗೆ ಹೋದರು. ಮಾತಿನ ನಡುವೆ ಆಡಮ್ಸ್, 'ನಾನು ಯಾವಾಗಲೂ ಜೆಫರ್ಸನ್‌ರನ್ನು ಪ್ರೀತಿಸುತ್ತಿದ್ದೆ, ಈಗಲೂ ಪ್ರೀತಿಸುತ್ತೇನೆ' ಅಂದರು. ಅದು ಜೆಫರ್ಸನ್ ಕಿವಿಗೆ ಬಿತ್ತು, ನನಗೆ ಇಷ್ಟು ಸಾಕು ಅಂತ ಅವರು ರಶ್‌ಗೆ ಬರೆದರು. ಆಡಮ್ಸ್ ಮಾತ್ರ ಇನ್ನೂ ಬಿಗಿಯಾಗಿಯೇ ಇದ್ದರು. ಡಿಸೆಂಬರ್ 25ರಂದು ರಶ್‌ಗೆ ಬರೆಯುತ್ತಾ, ಜೆಫರ್ಸನ್‌ಗೆ ನಾನು ಬರೆಯೋದಾದರೂ ಏನು, ಸ್ವರ್ಗಕ್ಕೆ ಸುಖವಾಗಿ ಹೋಗಿ ಅನ್ನೋದು ಬಿಟ್ಟರೆ ಅಂದರು. ಒಂದು ವಾರಕ್ಕೆ, 1812ರ ಜನವರಿ 1ರಂದು, ಬರೆದೇಬಿಟ್ಟರು.

ಸಣ್ಣ ಪತ್ರ. ನಮ್ಮ ಕಡೆ ಇತ್ತೀಚೆಗೆ ತಯಾರಾದ ಮನೆನೇಯ್ಗೆಯ ಎರಡು ತುಂಡು ಬಟ್ಟೆ ಅಂಚೆಯಲ್ಲಿ ಕಳಿಸುತ್ತಿದ್ದೇನೆ, ನೇಯ್ದವರು ಚಿಕ್ಕವರಿದ್ದಾಗ ನಿಮ್ಮ ಪ್ರೀತಿ ಪಡೆದವರು ಅಂತ ಅದರಲ್ಲಿತ್ತು. ನಿಜಕ್ಕೂ ಅವು ಪುಸ್ತಕಗಳು. ಮಗ ಜಾನ್ ಕ್ವಿನ್ಸಿ ಆಡಮ್ಸ್ ಹಾರ್ವರ್ಡ್‌ನಲ್ಲಿ ಮಾಡಿದ ಪಾಠಗಳ ಎರಡು ಸಂಪುಟ. ಆದರೆ ಪತ್ರ ಮೊದಲು ಬಂತು, ಪೊಟ್ಟಣ ಹಿಂದೆ ಉಳಿಯಿತು. ಜೆಫರ್ಸನ್ ನಿಜವಾಗಿಯೂ ಬಟ್ಟೆಯೇ ಅಂದುಕೊಂಡು ಜನವರಿ 21ರಂದು ಉತ್ತರ ಬರೆದರು. ನಮ್ಮ ಕಡೆಯೂ ಮನೆಮನೆಯಲ್ಲಿ ನೂಲುತ್ತಾರೆ, ನೇಯುತ್ತಾರೆ. ಹತ್ತಿ, ನಾರು ಹೇಗೂ ಇದೆ, ಮನೆಯ ಒಬ್ಬೊಬ್ಬರಿಗೆ ಒಂದು ಕುರಿಯ ಉಣ್ಣೆ ಸೇರಿದರೆ ಸಾಕು. ಹೀಗೆ ಬಟ್ಟೆಯ ಮಾತು ಸಾಗಿ, ಇದ್ದಕ್ಕಿದ್ದ ಹಾಗೆ ತಿರುಗುತ್ತದೆ. ನಿಮ್ಮ ಪತ್ರ ನನ್ನನ್ನು ಆ ದಿನಗಳಿಗೆ ಕರೆದೊಯ್ಯುತ್ತದೆ, ಕಷ್ಟ ಅಪಾಯಗಳ ನಡುವೆ ಒಂದೇ ಕೆಲಸಕ್ಕೆ ಇಬ್ಬರೂ ಹೆಗಲು ಕೊಟ್ಟ ದಿನಗಳಿಗೆ. ಘೋಷಣೆಗೆ ಸಹಿ ಹಾಕಿದವರಲ್ಲಿ ಪೊಟೊಮ್ಯಾಕ್ ನದಿಯ ಆಚೆ ಐದಾರು ಜನ ಇರಬಹುದು, ಈಚೆ ಉಳಿದವನು ನಾನೊಬ್ಬನೇ ಅಂದರು. ಎರಡು ದಿನಕ್ಕೆ ಪುಸ್ತಕ ಬಂತು, ಮತ್ತೆ ಬರೆದರು. ಆ ಕುರಿ ಲೆಕ್ಕದ ಜಾಗವನ್ನು ನಾನು ಎಷ್ಟು ಸಲ ಓದಿದ್ದೇನೋ. ಬಹಳ ವರ್ಷ ಮಾತು ಬಿಟ್ಟವರು ಎದುರಾದಾಗ ಮಳೆ ಬೆಳೆ ಕೇಳುತ್ತಾರಲ್ಲ, ಹಾಗೆ.

ಅಲ್ಲಿಂದ ಕೊನೆಯವರೆಗೆ 158 ಪತ್ರ. ಅದರಲ್ಲಿ ಆಡಮ್ಸ್ ಬರೆದದ್ದು 109, ಜೆಫರ್ಸನ್ 49. ಆಡಮ್ಸ್ ಲೆಕ್ಕ ಇಡಲಿಲ್ಲ. ಜೆಫರ್ಸನ್‌ಗೆ 1786ರಲ್ಲಿ ಪ್ಯಾರಿಸ್‌ನಲ್ಲಿ ಮಣಿಕಟ್ಟು ಏಟಾದದ್ದು ವಯಸ್ಸಾದ ಮೇಲೆ ಮತ್ತೆ ನೋಯುತ್ತಿತ್ತು. ಜೊತೆಗೆ ಊರೆಲ್ಲ ಅವರಿಗೆ ಬರೆಯುತ್ತಿತ್ತು. 1820ರ ಒಂದೇ ವರ್ಷ 1,267 ಪತ್ರ ಬಂದಿದ್ದನ್ನು ಎಣಿಸಿ ಆಡಮ್ಸ್ ಹತ್ತಿರ ಹೇಳಿಕೊಂಡಿದ್ದಾರೆ. ಮಾತಿಗೆ ಏನೆಲ್ಲ ಬಂತು! ಗ್ರೀಕ್ ಭಾಷೆ, ದೇವರು, ಮುಪ್ಪು, ಫ್ರಾನ್ಸ್‌ನ ಕ್ರಾಂತಿ. 1813ರ ಡಿಸೆಂಬರ್ 25ರ ಪತ್ರದಲ್ಲಿ ನಮ್ಮ ಕಡೆಯ ಮಾತೂ ಬರುತ್ತದೆ. ಹಿಂದೂಗಳ 'ಶಾಸ್ತ'ದ, ಅಂದರೆ ಶಾಸ್ತ್ರದ, ಪೀಠಿಕೆಗಿಂತ ಆಳವಾದ ತತ್ವ ಎಲ್ಲಿದೆ ಅಂತ ಆಡಮ್ಸ್ ಕೇಳುತ್ತಾರೆ. ಇಂಗ್ಲಿಷರು ಬಂಗಾಳದಿಂದ ತಂದ ಅರೆಬರೆ ಅನುವಾದದಲ್ಲಿ ಓದಿದ್ದು ಅದು. ತಮ್ಮ ಊರು ಕ್ವಿನ್ಸಿಯ ಚಳಿಯಲ್ಲಿ, ಕ್ರಿಸ್ಮಸ್ ದಿನ, 78ರ ಮುದುಕರು ಅದನ್ನು ಓದಿ ಬೆರಗಾದದ್ದು ನೆನೆದರೆ ನನಗೆ ಖುಷಿಯಾಗುತ್ತದೆ.

ಹಳೆಯ ಗಾಯವೂ ಬಿಡಲಿಲ್ಲ. 1813ರಲ್ಲಿ ಲಂಡನ್‌ನ ಪುಸ್ತಕವೊಂದರಲ್ಲಿ ಜೆಫರ್ಸನ್ 1801ರಲ್ಲಿ ಪ್ರೀಸ್ಟ್‌ಲಿ ಅನ್ನೋ ಸ್ನೇಹಿತರಿಗೆ ಬರೆದದ್ದು ಅಚ್ಚಾಗಿರೋದು ಆಡಮ್ಸ್ ಕಣ್ಣಿಗೆ ಬಿತ್ತು, ಆಡಮ್ಸ್ ಹಿಂದಕ್ಕೆ ನೋಡುವವರು ಅನ್ನೋ ಅರ್ಥದ ಮಾತು. ಆಡಮ್ಸ್ ಸಿಟ್ಟಿನಿಂದ ಪತ್ರದ ಮೇಲೆ ಪತ್ರ ಬರೆದರು. ಜೆಫರ್ಸನ್ ತಾಳ್ಮೆಯಿಂದ ಉತ್ತರ ಕೊಟ್ಟರು. ಜುಲೈ 15ರಂದು ಆಡಮ್ಸ್ ಬರೆದ ಸಾಲು ಇದು: 'ನಾವಿಬ್ಬರೂ ಒಬ್ಬರಿಗೊಬ್ಬರು ನಮ್ಮನ್ನು ವಿವರಿಸಿಕೊಳ್ಳದೆ ಸಾಯಬಾರದು.' ಅದೇ ತಿಂಗಳು ಗಂಡನ ಪತ್ರದ ಕೊನೆಯ ಖಾಲಿ ಜಾಗದಲ್ಲಿ ಅಬಿಗೇಲ್ ಕೂಡ ಎರಡು ಸಾಲು ಸೇರಿಸಿದರು, ಹಳೆಯ ಗೆಳತಿಯ ನಮಸ್ಕಾರ ಅಂತ.

ಹತ್ತು ವರ್ಷಕ್ಕೆ ಅದೇ ಪರೀಕ್ಷೆ ತಿರುಗಿ ಬಂತು. ಸೋತ ಹೊಸತರಲ್ಲಿ ಆಡಮ್ಸ್ ತಮ್ಮ ನೆಂಟ ಕನ್ನಿಂಗ್‌ಹ್ಯಾಮ್‌ಗೆ ಜೆಫರ್ಸನ್ ಬಗ್ಗೆ ಕಹಿಯಾಗಿ ಬರೆದಿದ್ದರು, ನಾನಿರುವವರೆಗೆ ಹೊರಗೆ ಬಿಡಬೇಡ ಅಂತ ಮಾತೂ ತೆಗೆದುಕೊಂಡಿದ್ದರು. 1823ರಲ್ಲಿ ಆ ನೆಂಟನ ಮಗ ಎಲ್ಲವನ್ನೂ ಅಚ್ಚು ಹಾಕಿಸಿದ. ಆಡಮ್ಸ್‌ಗೆ ಆಗ 87, ಕಣ್ಣು ಮಂಜು, ಕೈ ನಡುಕ. ಜೆಫರ್ಸನ್ ಕಾಯಲಿಲ್ಲ. ಅಕ್ಟೋಬರ್ 12ರಂದು ತಾವೇ ಬರೆದರು. ಅರ್ಧ ಶತಮಾನದ ಗೆಳೆಯರ ನಡುವೆ ಕಳೆ ಬಿತ್ತುವ, ಮುಪ್ಪಿನ ದಿಂಬಿನಲ್ಲಿ ಮುಳ್ಳು ನೆಡುವ ಈ ಕೆಲಸ ನನ್ನ ಮೇಲೆ ಒಂದಿಷ್ಟೂ ಪರಿಣಾಮ ಮಾಡಲಾರದು, ನೀವು ಮನಸ್ಸು ಕೆಡಿಸಿಕೊಳ್ಳಬೇಡಿ ಅಂತ.

ಅದು ತಲುಪಿದ್ದು ಬೆಳಗಿನ ತಿಂಡಿಯ ಹೊತ್ತಿಗೆ. ಜೆಫರ್ಸನ್ ಪತ್ರ, ತೆರೆಯೋ ಮೊದಲೇ ಒಳಗೇನಿದೆ ಅಂತ ನನಗೆ ಗೊತ್ತು, ನಮ್ಮಿಬ್ಬರಲ್ಲಿ ಗುಟ್ಟಿಲ್ಲ, ನನಗೆ ಓದೋಕಾಗಲ್ಲ, ನೀನೇ ಓದು ಅಂತ ಆಡಮ್ಸ್ ಮನೆಯ ಹುಡುಗಿಯೊಬ್ಬಳಿಗೆ ಕೊಟ್ಟರು. ಓದಿ ಮುಗಿದಾಗ ಮೇಜಿನ ಸುತ್ತ ಕೂತವರೆಲ್ಲ ಒಟ್ಟಿಗೆ, ಇದಕ್ಕಿಂತ ಒಳ್ಳೆ ಪತ್ರ ಯಾರೂ ಬರೆದಿಲ್ಲ ಅಂದರಂತೆ. ನಾನು ಅಂದುಕೊಂಡ ಹಾಗೇ ಇದೆ, ಮಾತು ಮಾತ್ರ ಅದಕ್ಕಿಂತ ಎಷ್ಟೋ ಚೆನ್ನಾಗಿದೆ ಅಂತ ಆಡಮ್ಸ್ ಹೇಳಿದರಂತೆ. ಇದನ್ನೆಲ್ಲ ನವೆಂಬರ್ 10ರಂದು, 88 ತುಂಬಿದ ಮೇಲೆ, ಅವರೇ ಹೇಳಿ ಬರೆಯಿಸಿ, ಕೆಳಗೆ '89ನೇ ವರ್ಷದಲ್ಲಿ, ಇನ್ನೂ ಬಹಳ ದಿನ ಬಾಳಲಾರದಷ್ಟು ದಪ್ಪಗೆ' ಅಂತ ಹಾಕಿದರು.

ಇಷ್ಟೆಲ್ಲ ವಿವರಿಸಿಕೊಂಡವರು ಒಂದನ್ನು ವಿವರಿಸಿಕೊಳ್ಳಲಿಲ್ಲ. ಅದು ನನಗೆ ನೋವು. ಆಡಮ್ಸ್ ಜೀವನದಲ್ಲಿ ಒಬ್ಬ ಗುಲಾಮನನ್ನೂ ಇಟ್ಟುಕೊಂಡವರಲ್ಲ. ಜೆಫರ್ಸನ್ ಒಟ್ಟು 600ಕ್ಕೂ ಹೆಚ್ಚು ಜನರನ್ನು ಇಟ್ಟುಕೊಂಡಿದ್ದರು. 1821ರ ಫೆಬ್ರವರಿ 3ರಂದು ಆಡಮ್ಸ್ ಬರೆಯುತ್ತಾರೆ: ಗುಲಾಮಗಿರಿ ಐವತ್ತು ವರ್ಷದಿಂದ ಈ ದೇಶದ ಮೇಲೆ ಕರಿಮೋಡದ ಹಾಗೆ ತೂಗುತ್ತಿರೋದನ್ನು ನೋಡಿದ್ದೇನೆ. ಆಮೇಲೆ, ಇದು ನನಗೆ ಅರ್ಥವಾಗದ್ದು, ನಿಮಗೇ ಬಿಡುತ್ತೇನೆ ಅಂತ ದಕ್ಷಿಣದವರಿಗೆ ಹೇಳುತ್ತಾ ಬಂದೆ ಅನ್ನುತ್ತಾರೆ. ಅಷ್ಟೇ. ದೇವರ ಬಗ್ಗೆ ಪುಟಗಟ್ಟಲೆ ಜಗಳ ಆಡಿದವರು ಇಲ್ಲಿ ಸ್ನೇಹ ಉಳಿಸಿಕೊಂಡರು. ಜೆಫರ್ಸನ್ ಸತ್ತು ಆರು ತಿಂಗಳಿಗೆ, 1827ರ ಜನವರಿಯಲ್ಲಿ, ಸಾಲ ತೀರಿಸೋಕೆ ಮಾಂಟಿಸೆಲೊದ 130 ಜನರನ್ನು ಹರಾಜಿಗೆ ಇಟ್ಟರು. ಈ ಪತ್ರಗಳನ್ನು ಎಷ್ಟು ಪ್ರೀತಿಯಿಂದ ಓದಿದರೂ ಆ ಅಂಗಳ ನನ್ನ ಕಣ್ಣಿಂದ ಹೋಗುವುದಿಲ್ಲ.

ಜೆಫರ್ಸನ್ ಆಡಮ್ಸ್‌ಗೆ ಬರೆದ ಕೊನೆಯ ಪತ್ರ 1826ರ ಮಾರ್ಚ್ 25ರದ್ದು. ಮೊಮ್ಮಗ ರಾಂಡಾಲ್ಫ್ ಬಾಸ್ಟನ್ ಕಡೆ ಹೊರಟಿದ್ದ. ಆಡಮ್ಸ್‌ರನ್ನು ನೋಡದೆ ಬಂದರೆ ಬಾಸ್ಟನ್ ನೋಡಿದ ಹಾಗೇ ಅಲ್ಲ ಅನ್ನೋದು ಅವನ ಆಸೆ. ಮುಂದೆ ತನಗೆ ವಯಸ್ಸಾದಾಗ, ಚಳಿಗಾಲದ ರಾತ್ರಿ, ಆ ಕಾಲದವರಲ್ಲಿ ಯಾರ್ಯಾರನ್ನು ಕಣ್ಣಾರೆ ನೋಡಿದೆ ಅಂತ ಅವನು ಸುತ್ತಲಿನವರಿಗೆ ಹೇಳಬೇಕು ಅಂತ ಅಜ್ಜ ಬರೆದು ಅವನ ಕೈಯಲ್ಲೇ ಕಳಿಸಿದರು. ಈ ಸಲ ತಡೆಯುವವರು ಯಾರೂ ಇರಲಿಲ್ಲ. ಆಡಮ್ಸ್ ಏಪ್ರಿಲ್ 17ರಂದು ಉತ್ತರ ಕೊಟ್ಟರು. ನಿಮ್ಮ ಪತ್ರ ಔಷಧಿಯ ಹಾಗೆ ಬಂತು. ನಿಮ್ಮ ಕಡೆಯವರನ್ನು ಇಲ್ಲಿ ಎಲ್ಲರೂ ಎಳೆದುಕೊಂಡು ಹೋಗುತ್ತಾರೆ, ಒಬ್ಬರನ್ನೂ ನನ್ನ ಮನೆಯಲ್ಲಿ ಊಟಕ್ಕೆ ಕೂರಿಸೋಕೆ ಆಗುತ್ತಿಲ್ಲ. ವರ್ಜೀನಿಯಾದವರೆಲ್ಲ ಯಾಕೆ ಇಷ್ಟು ಎತ್ತರ, ರಾಂಡಾಲ್ಫ್ ಪಕ್ಕ ನಿಂತರೆ ನಾವೆಲ್ಲ ಕುಳ್ಳರು. ನಿಮ್ಮ ಮನೆಯವರಿಗೆಲ್ಲ ನನ್ನ ಪ್ರೀತಿ, ನಿಮ್ಮ ಆರೋಗ್ಯ ಚೆನ್ನಾಗಿರಲಿ.